ಈಚಲ ಮರದ ಕೆಳಗಿನ ಮಜ್ಜಿಗೆ



ಇತ್ತೀಚೆಗೆ ಹೊಸಪೇಟೆಯಲ್ಲಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟವಾದ ಮೇಲೆ ಹುಡುಗನೊಬ್ಬ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಡಾರ್ಟ್ಸ್ ಆಟವನ್ನು ಮೈಮರೆತು ನೋಡುತ್ತಿದ್ದ. ಗೋಡೆಗೆ ತೂಗುಹಾಕಿದ ದುಂಡು ಹಲಗೆಗೆ ಗೇಣುದ್ದದ ಮೊನಚು ಬಾಣಗಳನ್ನು ಎಸೆಯುವ ಆಟ. ಅವನ ತಂದೆ ನನ್ನತ್ತ ತಿರುಗಿ, "ನೋಡ್ರಿ ಮಾವಾ, ಬಾರಿನಾಗ ಕುಡುಕ್ರು ಆಡೋ ಆಟ. ಇದರಿಂದ ಹೊಟ್ಟಿ ತುಂಬತದೇನ್ರಿ?" ಎಂದರು. ಎಲ್ಲರೂ ನಕ್ಕರು. ಹುಡುಗ ಮೊಬೈಲನ್ನು ಮಡಿಲಿನಲ್ಲಿ ಮುಚ್ಚಿಟ್ಟುಕೊಂಡ. ಅಂದು ಶುಭಕಾರ್ಯದ ಮನೆಯೆಂದು ನಾನು ಸುಮ್ಮನಿದ್ದೆ. ಆ ಪ್ರಶ್ನೆಗೆ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಹೊಟ್ಟೆಯ ಮಾತನ್ನೇ ಮೊದಲು ನೋಡೋಣ. ಹುಡುಗ ನೋಡುತ್ತಿದ್ದುದು ಇಂಗ್ಲೆಂಡಿನ ಲ್ಯೂಕ್ ಲಿಟ್ಲರ್‌ನ ಆಟವನ್ನು. 2007ರಲ್ಲಿ ಹುಟ್ಟಿದ ಆತ 2025ರ ಜನವರಿಯಲ್ಲಿ, ಇನ್ನೂ ಹದಿನೇಳು ತುಂಬಿದ್ದಾಗಲೇ, ವಿಶ್ವ ಚಾಂಪಿಯನ್ ಆಗಿ ಐದು ಲಕ್ಷ ಪೌಂಡ್ ಬಹುಮಾನ ಪಡೆದ. 2026ರ ಜನವರಿಯಲ್ಲಿ ಪಟ್ಟವನ್ನು ಉಳಿಸಿಕೊಂಡಾಗ ಬಹುಮಾನ ಹತ್ತು ಲಕ್ಷ ಪೌಂಡ್ ಆಗಿತ್ತು. ಅವನಿಗಿಂತ ಮೊದಲು ಫಿಲ್ ಟೇಲರ್ ಎಂಬಾತ ಇದ್ದ. ಸ್ಟೋಕ್ ಪಟ್ಟಣದ ಪಿಂಗಾಣಿ ಕಾರ್ಖಾನೆಯಲ್ಲಿ ಶೌಚಾಲಯದ ಸರಪಳಿಗೆ ಹಿಡಿಕೆ ಮಾಡುತ್ತಿದ್ದ ಕಾರ್ಮಿಕ. ಆಗಿನ ಮಹಾ ಆಟಗಾರ ಎರಿಕ್ ಬ್ರಿಸ್ಟೋ ಇವನ ಕೈಯ ಹದವನ್ನು ಗುರುತಿಸಿ, ಹಣ ಕೊಟ್ಟು ಪೋಷಿಸಿದ. 1990ರಲ್ಲಿ ಟೇಲರ್ ಆ ಬ್ರಿಸ್ಟೋನನ್ನೇ ಸೋಲಿಸಿ ಮೊದಲ ವಿಶ್ವ ಪಟ್ಟವನ್ನು ಗೆದ್ದ. ಒಟ್ಟು ಹದಿನಾರು ಪಟ್ಟಗಳನ್ನು ಗಳಿಸಿ 2018ರಲ್ಲಿ ನಿವೃತ್ತನಾದ. ಗುರುವಿಗೆ ಇದಕ್ಕಿಂತ ದೊಡ್ಡ ದಕ್ಷಿಣೆ ಉಂಟೇ?

ಇನ್ನು "ಕುಡುಕರ ಆಟ" ಎಂಬ ಮಾತು. ಗಣಿತ ಕಲಿಸಿದವನಾಗಿ ಹೇಳುತ್ತೇನೆ, ಕೇಳಿ. ಆಟಗಾರ 501ರಿಂದ ಆರಂಭಿಸಿ ಸೊನ್ನೆಗೆ ಇಳಿಯಬೇಕು. ಒಂದು ಸರದಿಗೆ ಮೂರು ಬಾಣ. ಕೊನೆಯ ಬಾಣ ಇಮ್ಮಡಿ ಅಂಕದ ಕಿರುಪಟ್ಟಿಗೇ ಬೀಳಬೇಕು. 41 ಉಳಿದಿದ್ದರೆ ಒಂಬತ್ತಕ್ಕೆ ಹೊಡೆದು 32 ಉಳಿಸಿಕೊಂಡು, ಹದಿನಾರರ ಇಮ್ಮಡಿಗೆ ಗುರಿಯಿಡಬೇಕು. ಈ ಲೆಕ್ಕವೆಲ್ಲ ಸಾವಿರಾರು ಜನರ ಕೂಗಿನ ನಡುವೆ, ಕ್ಷಣಾರ್ಧದಲ್ಲಿ, ಮನಸ್ಸಿನಲ್ಲೇ ಆಗಬೇಕು. ಹಲಗೆಯ ರಚನೆಯಲ್ಲಿಯೂ ಒಂದು ನೀತಿಯಿದೆ: ಇಪ್ಪತ್ತರ ಎಡಕ್ಕೆ ಐದು, ಬಲಕ್ಕೆ ಒಂದು. ಕೂದಲೆಳೆಯಷ್ಟು ತಪ್ಪಿದರೂ ದಂಡ. ಅದು ಹುಟ್ಟಿದ್ದು ಹೆಂಡದಂಗಡಿಯಲ್ಲಿ ಎಂಬುದು ನಿಜವೇ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕ ಅದನ್ನು ಹೆಂಡವೆನ್ನುತ್ತದೆ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದರು. ಆ ಗಾದೆ ಕುಡಿಯುವವನಿಗೆ ಹೇಳಿದ ಬುದ್ಧಿಮಾತು. ನೋಡುವವರಿಗೆ ಮಾತ್ರ ಬುದ್ಧಿ ಹೇಳಿದವರಿಲ್ಲ. ಹತ್ತಿರ ಹೋಗಿ, ಪಾತ್ರೆಯಲ್ಲಿರುವುದು ಏನೆಂದು ನೋಡಬಾರದೇ?

ಅಂಥ ಮರದ ಕೆಳಗಿನ ಮಜ್ಜಿಗೆ ನಮ್ಮ ನಾಡಿನಲ್ಲೇ ಇದೆ. ಬಿಲಿಯರ್ಡ್ಸ್, ಸ್ನೂಕರ್‌ಗಳನ್ನೂ ಸೋಮಾರಿಗಳ ಆಟವೆಂದೇ ನಮ್ಮಲ್ಲಿ ಹೇಳುತ್ತಿದ್ದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಪಂಕಜ್ ಅಡ್ವಾಣಿ ಎಂಬ ಹುಡುಗ ಬೆಂಗಳೂರಿನಲ್ಲಿ ಅಣ್ಣನ ಹಿಂದೆ ಸ್ನೂಕರ್ ಕೋಣೆಗೆ ಹೋಗಿ ಆ ಮೇಜಿಗೆ ಮನಸೋತ. ಮನೆಯವರು ಬಾಗಿಲು ಹಾಕಲಿಲ್ಲ. ಅರವಿಂದ್ ಸಾವೂರ್ ಅವರಂಥ ಗುರುಗಳು ದೊರೆತರು. 2003ರಲ್ಲಿ ಹದಿನೆಂಟರ ಹರೆಯದಲ್ಲಿ ವಿಶ್ವ ಸ್ನೂಕರ್ ಪಟ್ಟ, 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಎರಡೂ ವಿಧಗಳಲ್ಲಿ ವಿಶ್ವ ಪಟ್ಟ, 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 2018ರಲ್ಲಿ ಪದ್ಮಭೂಷಣ, 2024ರ ನವೆಂಬರಿನಲ್ಲಿ ದೋಹಾದಲ್ಲಿ ಇಪ್ಪತ್ತೆಂಟನೆಯ ವಿಶ್ವ ಪಟ್ಟ. 2012ರಿಂದ ಎರಡು ವರ್ಷ ವೃತ್ತಿಪರ ಸ್ನೂಕರ್ ಸುತ್ತಿನಲ್ಲಿಯೂ ಆಡಿ, ತಾಯ್ನಾಡೇ ಲೇಸೆಂದು ಮರಳಿದರು. ಏಷ್ಯನ್ ಕೂಟವೋ 2014ರಿಂದ ಮೂರು ಸಲ ಈ ಆಟವನ್ನೇ ಕೈಬಿಟ್ಟಿತು. ಆದರೂ ಅವರು ಕೋಲು ಕೆಳಗಿಡಲಿಲ್ಲ.

"ಎಲ್ಲರೂ ಅಡ್ವಾಣಿ ಆಗುತ್ತಾರೆಯೇ ಮೇಷ್ಟ್ರೇ?" ಎಂದು ನೀವು ಕೇಳುವಿರಿ. ಇಲ್ಲ. ಡಾರ್ಟ್ಸ್‌ನ ವೃತ್ತಿಪರ ಸುತ್ತಿನಲ್ಲಿ ಇರುವುದೇ 128 ಪರವಾನಗಿಗಳು. ಅವುಗಳನ್ನು ಉಳಿಸಿಕೊಳ್ಳುವುದೂ ಕಷ್ಟ. ಹಿಡಿದ ಬಾಣವನ್ನು ಬಿಡಲು ಬೆರಳೇ ಒಪ್ಪದ ವಿಚಿತ್ರ ಬಾಧೆಯೊಂದು ಆ ಬ್ರಿಸ್ಟೋನನ್ನೇ ಕಾಡಿತು. ಇದು ನಿಶ್ಚಿಂತೆಯ ಜೀವನವೆಂದು ನಾನು ಹೇಳುತ್ತಿಲ್ಲ. ಆದರೆ ದೋಣಿಮಲೈಯಲ್ಲಿ ಕುಳಿತು ನಾವು ನಿಶ್ಚಿಂತೆಯ ಪಾಠ ಹೇಳಬಹುದೇ? 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಳು ನಿಂತಾಗ, ಸಾಲ ಮಾಡಿ ಲಾರಿ ಕೊಂಡವರ ಪಾಡನ್ನು ನಾವೆಲ್ಲ ಕಂಡಿದ್ದೇವೆ. ಕಾಯಂ ಎಂದೇ ನಂಬಿದ್ದ ನಮ್ಮ ದೋಣಿಮಲೈ ಗಣಿಯೂ ಗುತ್ತಿಗೆ ನವೀಕರಣದ ವಿವಾದದಿಂದ 2018ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ಸ್ತಬ್ಧವಾಗಿತ್ತು. ಬೆಟ್ಟವನ್ನೇ ನಂಬಿದವರಿಗೆ ಬೆಟ್ಟ ಕೈಕೊಟ್ಟಿರುವಾಗ, ತನ್ನ ಕೈಯನ್ನೇ ನಂಬುವವನನ್ನು ನೋಡಿ ನಗುವುದು ತರವಲ್ಲ.

ನಾನೂ ಹಾಗೆ ನಕ್ಕವನೇ. ಅದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಎಷ್ಟೋ ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಗುತ್ತಿಗೆ ಕಾರ್ಮಿಕರೊಬ್ಬರ ಮಗನಿದ್ದ. ಕೇರಮ್‌ನಲ್ಲಿ ಅವನ ಬೆರಳಿಗೆ ಎದುರಾಳಿಯೇ ಇರಲಿಲ್ಲ. ಪಾಠದ ನಡುವೆ ಮೇಜಿನ ಕೆಳಗೆ ಸ್ಟ್ರೈಕರ್ ಹಿಡಿದು ಕುಳಿತಿದ್ದನೆಂದು ನಾನು ಅದನ್ನು ಕಸಿದುಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಅದು ಶಿಸ್ತು. ಅವನ ತಂದೆಯನ್ನು ಕರೆಸಿ, "ಹುಡುಗ ಪೋಲಿ ಬೀಳುತ್ತಿದ್ದಾನೆ" ಎಂದೆ. ಅಂದಿನಿಂದ ಅವನ ಆಟ ನಿಂತಿತು. ಓದೂ ಮುಂದುವರಿಯಲಿಲ್ಲ. ಈಚೆಗೆ ಸಂಡೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕು, ಕಾಲು ಮುಟ್ಟಿ ನಮಸ್ಕರಿಸಿ, "ನೀವು ನನ್ನ ಒಳ್ಳೇದಕ್ಕೇ ಮಾಡಿದ್ರಿ ಸಾರ್" ಎಂದ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವನು ಚಾಂಪಿಯನ್ ಆಗುತ್ತಿದ್ದನೆಂದು ನಾನು ಹೇಳಲಾರೆ. ಆಗುತ್ತಿದ್ದನೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೇ ಮುಚ್ಚಿದವನು ನಾನು. 2024ರಲ್ಲಿ ಚೆನ್ನೈನ ಆಟೋ ಚಾಲಕರೊಬ್ಬರ ಮಗಳು ಕಾಜಿಮಾ, ಹದಿನೇಳರ ಹುಡುಗಿ, ಅಮೆರಿಕದಲ್ಲಿ ನಡೆದ ಕೇರಮ್ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಹುಡುಗರ ಕಣ್ಣಿಗೂ ಕೈಗೂ ಕೊರತೆಯಿಲ್ಲ. ಕವಣೆ ಬೀಸಿ ಹುಣಸೆಕಾಯಿ ಉದುರಿಸುವವರು, ಹತ್ತು ಅಡಿಯ ದೂರದಿಂದ ಗೋಲಿಗೆ ಗೋಲಿ ಹೊಡೆಯುವವರು ಪ್ರತಿ ಓಣಿಯಲ್ಲಿದ್ದಾರೆ. ಇಲ್ಲದಿರುವುದು ಏಣಿ. ಟೇಲರ್‌ಗೆ ಊರಿನ ಪಬ್ಬೇ ಮೊದಲ ಮೆಟ್ಟಿಲು, ಅಡ್ವಾಣಿಯವರಿಗೆ ಬೆಂಗಳೂರಿನ ಸ್ನೂಕರ್ ಕೋಣೆ. ನಮ್ಮಲ್ಲಿ ಕ್ಲಬ್ಬಿನ ಸದಸ್ಯರ ಮಗ ಆಡಿದರೆ ಅದು ಹವ್ಯಾಸ. ಗುತ್ತಿಗೆ ಕೂಲಿಯ ಮಗ ಆಡಿದರೆ ಪೋಲಿತನ. ಈ ಎರಡು ತಕ್ಕಡಿಯ ನ್ಯಾಯ ಮೊದಲು ತೊಲಗಬೇಕು.

ಆದುದರಿಂದ ಊರೂರುಗಳಲ್ಲಿ ಅಧಿಕಾರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಕ್ಲಬ್ಬುಗಳಲ್ಲಿ ಧೂಳು ತಿನ್ನುತ್ತಿರುವ ಕೇರಮ್ ಹಲಗೆಗಳನ್ನು ವಾರಕ್ಕೆ ಎರಡು ಸಂಜೆ ಹೊರಗಿನ ಮಕ್ಕಳಿಗೆ ಬಿಟ್ಟುಕೊಡಿ. ವರ್ಷಕ್ಕೊಮ್ಮೆ ಶಾಲೆಶಾಲೆಗಳ ನಡುವೆ ಪಂದ್ಯ ನಡೆಸಿ, ಗೆದ್ದವರನ್ನು ಜಿಲ್ಲೆಯ ಪಂದ್ಯಕ್ಕೆ ಕರೆದೊಯ್ಯಲು ಬಸ್ ಚಾರ್ಜು ಕೊಡಿ. ಓದನ್ನು ಬಿಡಿಸಬೇಡಿ, ಓದಿನ ಹೆಸರಿನಲ್ಲಿ ಆಟವನ್ನೂ ಬಿಡಿಸಬೇಡಿ.

ಗೃಹಪ್ರವೇಶದ ಮನೆಯ ಆ ಹುಡುಗನಿಗೆ ಒಂದು ಡಾರ್ಟ್ಸ್ ಹಲಗೆ ಕಳುಹಿಸುತ್ತಿದ್ದೇನೆ. ನೆಲದಿಂದ 5 ಅಡಿ 8 ಅಂಗುಲ ಎತ್ತರಕ್ಕೆ ಅದರ ನಡುಬಿಂದು ಬರುವಂತೆ ಮೊಳೆ ಹೊಡೆಯಬೇಕು. ಮೊಳೆ ಹೊಡೆಯುವ ಕೆಲಸವನ್ನು ಅವನ ತಂದೆಯೇ ಮಾಡಲಿ ಎಂಬುದು ಈ ಮಾವನ ಆಸೆ.