ಬುದ್ಧಗಯೆಯ ಆಡಳಿತದ ಪ್ರಶ್ನೆ

2025ರ ಫೆಬ್ರವರಿಯಲ್ಲಿ ಬೌದ್ಧ ಭಿಕ್ಷುಗಳು ಬುದ್ಧಗಯೆಯಲ್ಲಿ ಉಪವಾಸ ಸತ್ಯಾಗ್ರಹವನ್ನು ಹೂಡಿದರು. ಮಹಾಬೋಧಿ ಮಹಾವಿಹಾರದ ಆಡಳಿತವು ಸಂಪೂರ್ಣವಾಗಿ ಬೌದ್ಧರ ಕೈಸೇರಬೇಕೆಂಬುದು ಅವರ ಬೇಡಿಕೆ. ಪೂಜೆಗೆ ಅಡ್ಡಿಯಿಲ್ಲದಿರುವಾಗ ಈ ಹೋರಾಟವೇತಕ್ಕೆ ಎಂದು ಕೇಳುವವರುಂಟು. ಉತ್ತರ ಕಾಣಬೇಕಾದರೆ ಬೌದ್ಧರ ಆಚರಣೆಯನ್ನು ಮೊದಲು ಅರಿಯಬೇಕು.

ಅದನ್ನು ಅರಿಯಲು ಮುಂಬಯಿಯ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರರು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆಯನ್ನು ಪಡೆದರು. 2011ರ ಜನಗಣತಿಯಂತೆ ಭಾರತದ ಸುಮಾರು 84 ಲಕ್ಷ ಬೌದ್ಧರಲ್ಲಿ 65 ಲಕ್ಷ ಮಂದಿ ಮಹಾರಾಷ್ಟ್ರದವರೇ. ಅವರ ಬುದ್ಧವಿಹಾರವು ಅನೇಕ ಕಡೆ ಚಾಳುಗಳ ನಡುವಣ ಒಂದು ಕೋಣೆ ಮಾತ್ರ. ಬುದ್ಧನ ಮೂರ್ತಿ, ಬಾಬಾಸಾಹೇಬರ ಭಾವಚಿತ್ರ, ಹೂವು, ಮೇಣದ ಬತ್ತಿ. ತ್ರಿಶರಣ, ಪಂಚಶೀಲಗಳ ಪಠಣ—ಇಷ್ಟೇ ವಂದನೆಯ ಕ್ರಮ. ಮಳೆಗಾಲದ ವರ್ಷಾವಾಸದಲ್ಲಿ ಅಂಬೇಡ್ಕರರ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥವನ್ನು ಓದಿಸಿ ಕೇಳುವ ರೂಢಿಯುಂಟು. ಡಿಸೆಂಬರ್ 6ರಂದು ದಾದರಿನ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನರು ಬರುತ್ತಾರೆ. ಹಿಂದಿರುಗುವಾಗ ಶಿವಾಜಿ ಪಾರ್ಕಿನ ಮಳಿಗೆಗಳಲ್ಲಿ ಪುಸ್ತಕಗಳನ್ನು ಕೊಂಡೊಯ್ಯುತ್ತಾರೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ವಂದನೆಗೆ ಪುರೋಹಿತನು ಅನಿವಾರ್ಯನಲ್ಲ; ಓಣಿಯ ವಿಹಾರವನ್ನು ಓಣಿಯವರೇ ನಡೆಸುತ್ತಾರೆ. ಒಂದು ಕಾಲದಲ್ಲಿ ದೇವಾಲಯದ ಹೊರಗೆ ನಿಲ್ಲಿಸಲ್ಪಟ್ಟಿದ್ದ ಜನರಿಗೆ ತಮ್ಮದೇ ಆದ ಕೂಡುವ ತಾಣವು ಪೂಜಾಸ್ಥಳ ಮಾತ್ರವಲ್ಲ. ಆತ್ಮಗೌರವದ ನೆಲೆಯೂ ಆಗಿದೆ.

ಬುದ್ಧಗಯೆಯ ಸ್ಥಿತಿ ಬೇರೆ. ಅಲ್ಲಿನ ದೇಗುಲವು ಬಹುಕಾಲ ಶೈವ ಮಹಂತರ ವಶದಲ್ಲಿತ್ತು. ಸಿಂಹಳದ ಅನಾಗಾರಿಕ ಧರ್ಮಪಾಲರು 1891ರಿಂದ ಅದಕ್ಕಾಗಿ ಹೋರಾಡಿದರು. ಬಿಹಾರ ಸರಕಾರದ 1949ರ ಕಾನೂನು ಮಹಂತರ ಏಕಾಧಿಪತ್ಯವನ್ನು ಕೊನೆಗಾಣಿಸಿತು. ಆದರೆ ಅದು ರಚಿಸಿದ ಸಮಿತಿಯಲ್ಲಿ ಬೌದ್ಧರು ನಾಲ್ವರು, ಮಹಂತರೂ ಸೇರಿ ಹಿಂದೂಗಳು ನಾಲ್ವರು. ಅಧ್ಯಕ್ಷರು ಜಿಲ್ಲಾ ಮ್ಯಾಜಿಸ್ಟ್ರೇಟರು. ಅಧ್ಯಕ್ಷರು ಹಿಂದೂವೇ ಆಗಿರಬೇಕೆಂಬ ನಿಬಂಧನೆ 2013ರಲ್ಲಿ ಹೋಯಿತು. ಸಮಿತಿಯ ರಚನೆ ಮಾತ್ರ ಬದಲಾಗಲಿಲ್ಲ. 2025ರ ಜೂನ್ 30ರಂದು ಸುಪ್ರೀಂ ಕೋರ್ಟು ಈ ಬಗೆಗಿನ ಒಂದು ಅರ್ಜಿಯನ್ನು ವಿಚಾರಿಸಲೊಪ್ಪದೆ, ಹೈಕೋರ್ಟಿಗೆ ಹೋಗುವಂತೆ ಸೂಚಿಸಿತು.

ಬುದ್ಧನನ್ನು ವಿಷ್ಣುವಿನ ಅವತಾರವೆಂದು ನಂಬುವ ಹಿಂದೂಗಳು ಅಲ್ಲಿ ತಲೆಬಾಗುವುದು ಸಹಜವೇ. ಆ ಹಕ್ಕಿಗೆ ಚ್ಯುತಿ ಬರಬಾರದು. ಆದರೆ ದರ್ಶನದ ಹಕ್ಕು ಬೇರೆ, ಆಡಳಿತದ ಅಧಿಕಾರ ಬೇರೆ. ಬಾಗಿಲು ಎಲ್ಲರಿಗೂ ತೆರೆದಿರಲಿ. ಬೀಗದ ಕೈ ಮನೆಯವರ ಬಳಿ ಇರಲಿ. ಒಂದು ಓಣಿಯ ಬಡಜನರು ತಮ್ಮ ವಿಹಾರವನ್ನು ನಡೆಸಬಲ್ಲರೆಂದ ಮೇಲೆ, ಬುದ್ಧನಿಗೆ ಬೋಧಿಯಾದ ಸ್ಥಳವನ್ನು ಬೌದ್ಧರು ನಡೆಸಲಾರರೆಂಬುದು ಯಾವ ನ್ಯಾಯ?