ಬಿಸಿಲು ಪುಕ್ಕಟೆ, ಬಣ್ಣ ಪುಕ್ಕಟೆಯಲ್ಲ



ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಕೇಳಿದ್ದೀರಲ್ಲವೇ? ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದರ ಖಾರ ಕಡಿಮೆ, ಬಣ್ಣ ಕಡುಗೆಂಪು. ಈ ಬಣ್ಣಕ್ಕಾಗಿಯೇ ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಗಿಡದಲ್ಲಿದ್ದ ಬಣ್ಣವೆಲ್ಲ ಚೀಲ ಸೇರುವುದಿಲ್ಲ. ನಡುವೆ ಒಣಗಿಸುವ ಕೆಲಸವಿದೆ.

ಒಣಗಿಸುವುದೆಂದರೆ ಪದಾರ್ಥದಲ್ಲಿರುವ ನೀರನ್ನು ಹೊರಗೆ ಕಳಿಸುವುದು. ನೀರು ಸಿಗದಿದ್ದರೆ ಬೂಷ್ಟು, ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಆದರೆ ನೀರು ಆವಿಯಾಗಲು ಶಕ್ತಿ ಬೇಕು. ಎಷ್ಟು? ಲೆಕ್ಕ ಹಾಕೋಣ. 100 ಕಿಲೋಗ್ರಾಂ ಹಸಿ ಕೆಂಪು ಮೆಣಸಿನಕಾಯಿಯಲ್ಲಿ 75 ಕಿಲೋಗ್ರಾಂ ನೀರಿದೆ ಎಂದುಕೊಳ್ಳಿ. ಚೆನ್ನಾಗಿ ಒಣಗಲು ಅದರಲ್ಲಿ ಸುಮಾರು 72 ಕಿಲೋಗ್ರಾಂ ಹೋಗಬೇಕು. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಗುಣಿಸಿ, ಭಾಗಿಸಿ ನೋಡಿ. 48 ಯೂನಿಟ್! ವಿದ್ಯುತ್ ಹೀಟರ್‌ನಿಂದ ಒಣಗಿಸಿದರೆ ಶಾಖ ಸೋರಿಹೋಗುವುದರಿಂದ ಇನ್ನೂ ಹೆಚ್ಚು ಬೇಕು. ಸೂರ್ಯ ಇದನ್ನೆಲ್ಲ ಬಿಲ್ಲು ಕಳಿಸದೆ ಕೊಡುತ್ತಾನೆ.

ಹಾಗಾದರೆ ಅಂಗಳದಲ್ಲಿ ಹರಡಿದರೆ ಸಾಕೇ? ಸಾಲದು ಎಂಬುದು ನನ್ನ ಅಭಿಪ್ರಾಯ. ನೇರ ಬಿಸಿಲಿಗೆ ಕೆಂಪು ಬಣ್ಣ ಮಾಸುತ್ತದೆ, ಕೆಲವು ಜೀವಸತ್ವಗಳೂ ನಷ್ಟವಾಗುತ್ತವೆ. ಧೂಳು, ನೊಣ, ಕೋಳಿಗಳ ಕಾಟ ಬೇರೆ. ಅಕಾಲ ಮಳೆ ಬಂದರಂತೂ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿಗೆ ಕೆಡುಕು. ಬೇಯಿಸಿದರೂ ಪೂರ್ತಿ ಹೋಗದು.

ಇದಕ್ಕೆ ನಡುದಾರಿಯೊಂದಿದೆ. ಅದೇ ಸೌರ ಶುಷ್ಕಕ. ಗಾಜು ಮುಚ್ಚಿದ ಪೆಟ್ಟಿಗೆಯ ಕಪ್ಪು ತಳ ಬಿಸಿಲನ್ನು ಹೀರಿ ಗಾಳಿಯನ್ನು ಬಿಸಿಮಾಡುತ್ತದೆ. ಬಿಸಿಗಾಳಿ ಮೇಲೇರಿ, ನೆರಳಿನಲ್ಲಿರುವ ತಟ್ಟೆಗಳ ನಡುವೆ ಹಾದು, ತೇವವನ್ನು ಹೊತ್ತು ಕೊಳವೆಯಿಂದ ಹೊರಹೋಗುತ್ತದೆ. ಶಕ್ತಿ ಸೂರ್ಯನದೇ, ಆದರೆ ಬಣ್ಣಕ್ಕೆ ರಕ್ಷಣೆಯಿದೆ. ಸಂಡಿಗೆಯ ಮೇಲೆ ತೆಳು ಸೀರೆ ಹೊದಿಸುತ್ತಿದ್ದ ಅಜ್ಜಿಯರಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತಿತ್ತು!

"ರಾಶಿಗಟ್ಟಲೆ ಕಾಯಿ ಪೆಟ್ಟಿಗೆಯಲ್ಲಿ ಹಿಡಿಸುತ್ತದೆಯೇ? ದುಡ್ಡೆಲ್ಲಿಂದ?" ಎಂದು ರೈತರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಬ್ಬರಿಗೆ ಭಾರವಾದದ್ದನ್ನು ಊರಿನವರು ಕೂಡಿ ಮಾಡಬಹುದು. ಅಲ್ಲಿಯವರೆಗೆ ಬರಿ ನೆಲದ ಬದಲು ತಾಡಪಾಲಿನ ಮೇಲೆ ಹರಡುವುದು, ಸಂಜೆ ಮುಚ್ಚುವುದು, ಬೂಷ್ಟು ಹಿಡಿದ ಕಾಯಿಗಳನ್ನು ಆರಿಸಿ ಎಸೆಯುವುದು ಎಲ್ಲರಿಗೂ ಸಾಧ್ಯ.

ನೀವೂ ಪರೀಕ್ಷಿಸಿ. ಮೆಂತ್ಯ ಸೊಪ್ಪನ್ನು 50 ಗ್ರಾಂನಂತೆ ಎರಡು ತಟ್ಟೆಗಳಲ್ಲಿ ಹರಡಿ. ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಗಾಳಿಯಾಡುವ ನೆರಳಿನಲ್ಲಿಡಿ. ದಿನವೂ ತೂಗಿ ಬರೆಯಿರಿ. ತೂಕ ಇಳಿಯುವುದು ನಿಂತಾಗ ಎರಡರ ಬಣ್ಣ, ವಾಸನೆ ಹೋಲಿಸಿ. ಯಾವುದು ಬೇಗ ಒಣಗಿತು? ಯಾವುದನ್ನು ನೀವು ಸಾರಿಗೆ ಹಾಕುತ್ತೀರಿ? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಆಗಿರಬೇಕಿಲ್ಲ.