'ಸ್ಯಾಂಕ್ಷನ್' ಆಗಿದೆ ಎಂದರೆ ಏನಾಗಿದೆ?

ನಮ್ಮ ನಾಡಿನ ಯಾವುದೇ ತಾಲ್ಲೂಕು ಕಚೇರಿಯ ಮುಂದೆ ಹತ್ತು ನಿಮಿಷ ನಿಂತರೆ ಕಿವಿಗೆ ಬಿದ್ದೇ ಬೀಳುವ ಇಂಗ್ಲಿಷ್ ಪದವೊಂದಿದೆ. ಅದು 'ಸ್ಯಾಂಕ್ಷನ್'. ವೃದ್ಧಾಪ್ಯ ವೇತನ ಸ್ಯಾಂಕ್ಷನ್ ಆಯಿತೇ, ಮನೆ ಸ್ಯಾಂಕ್ಷನ್ ಆಯಿತೇ, ಊರಿನ ರಸ್ತೆ ಸ್ಯಾಂಕ್ಷನ್ ಆಯಿತೇ ಎಂದು ಇಂಗ್ಲಿಷಿನ ಒಂದಕ್ಷರವನ್ನೂ ಓದಲಾರದವರು ಕೇಳುತ್ತಾರೆ. ಅದೇ ದಿನದ ಇಂಗ್ಲಿಷ್ ಪತ್ರಿಕೆಯನ್ನು ತೆರೆದರೆ ಬಲಿಷ್ಠ ರಾಷ್ಟ್ರವೊಂದು ಮತ್ತೊಂದರ ಮೇಲೆ 'ಸ್ಯಾಂಕ್ಷನ್' ಹೇರಿದ ಸುದ್ದಿ ಇರುತ್ತದೆ. ಒಂದು ಕಡೆ ಕೈಮುಗಿದು ಬೇಡುವ ವರ. ಇನ್ನೊಂದು ಕಡೆ ದೇಶಗಳೇ ಅಂಜುವ ಶಿಕ್ಷೆ. ಒಂದೇ ಪದ ಇಂತಹ ಎರಡು ವಿರುದ್ಧ ಅರ್ಥಗಳನ್ನು ಹೊತ್ತಿರುವುದು ಭಾಷಾ ಕುತೂಹಲದ ವಿಷಯ ಮಾತ್ರವಲ್ಲ. ನಮ್ಮ ಆಡಳಿತದ ಸ್ವಭಾವವೂ ಅದರಲ್ಲಿ ಅಡಗಿದೆ.

ಈ ಪದದ ಬೇರು ಲ್ಯಾಟಿನ್ ಭಾಷೆಯದು. ಪವಿತ್ರಗೊಳಿಸು, ಮೀರಲಾಗದಂತೆ ವಿಧಿಸು ಎಂಬುದು ಅದರ ಮೂಲಾರ್ಥ. ಸಂತ ಎಂಬರ್ಥದ 'ಸೇಂಟ್', ಅಭಯಧಾಮ ಎಂಬರ್ಥದ 'ಸ್ಯಾಂಕ್ಚುಅರಿ' ಪದಗಳೂ ಇದೇ ಕುಲಕ್ಕೆ ಸೇರಿದವು. ಪ್ರಾಚೀನ ರೋಮಿನಲ್ಲಿ ಶಾಸನವನ್ನು ಉಲ್ಲಂಘಿಸಿದವರಿಗೆ ಏನಾಗುತ್ತದೆಂದು ಹೇಳುವ ಭಾಗಕ್ಕೆ ಈ ಹೆಸರಿತ್ತು. ಹೀಗಾಗಿ ಶಾಸನಕ್ಕೆ ದೊರೆತ ಒಪ್ಪಿಗೆ ಮತ್ತು ಶಾಸನದ ಹಿಂದಿರುವ ದಂಡನೆ, ಎರಡಕ್ಕೂ ಒಂದೇ ಪದ ಒದಗಿತು. 1789ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಜೆರೆಮಿ ಬೆಂಥಾಮ್, ಮನುಷ್ಯನನ್ನು ಹದ್ದಿನಲ್ಲಿಡುವ ನಾಲ್ಕು ಸ್ಯಾಂಕ್ಷನ್‌ಗಳನ್ನು ಪಟ್ಟಿ ಮಾಡಿದ: ಭೌತಿಕ, ರಾಜಕೀಯ, ನೈತಿಕ ಮತ್ತು ಧಾರ್ಮಿಕ. ಅವನ ದೃಷ್ಟಿಯಲ್ಲಿ ಸ್ಯಾಂಕ್ಷನ್ ಎಂದರೆ ನಿಯಮಕ್ಕೆ ಬಲ ನೀಡುವ ಸುಖದುಃಖಗಳ ಮೂಲ. ಯಾರೋ ಕರುಣಿಸಿ ಕೊಡುವ ವಸ್ತುವಲ್ಲ.

ಅಂತರರಾಷ್ಟ್ರೀಯ ವ್ಯವಹಾರದಲ್ಲಿ ದಂಡನೆಯ ಅರ್ಥವೇ ಬೆಳೆಯಿತು. 1935ರಲ್ಲಿ ಇಟಲಿಯು ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ರಾಷ್ಟ್ರಸಂಘವು ಅದರ ಮೇಲೆ ಆರ್ಥಿಕ ನಿರ್ಬಂಧ ಹೇರಿತು. ಆದರೆ ತೈಲವನ್ನು ಪಟ್ಟಿಯಿಂದ ಹೊರಗಿಟ್ಟಿತು. ಮರುವರ್ಷವೇ ನಿರ್ಬಂಧವನ್ನೂ ಕೈಬಿಟ್ಟಿತು. ಭಾರತಕ್ಕೂ ಈ ಅನುಭವ ಹೊಸದಲ್ಲ. ರಷ್ಯಾದಿಂದ ಕ್ರಯೋಜೆನಿಕ್ ತಂತ್ರಜ್ಞಾನ ಪಡೆಯುವ ಒಪ್ಪಂದದ ಕಾರಣಕ್ಕೆ 1992ರ ಮೇ ತಿಂಗಳಲ್ಲಿ ಅಮೆರಿಕವು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೊ ಮೇಲೆ ಎರಡು ವರ್ಷಗಳ ನಿರ್ಬಂಧ ವಿಧಿಸಿತು. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ಇಡೀ ದೇಶವೇ ಅಂತಹ ಕ್ರಮಕ್ಕೆ ಗುರಿಯಾಯಿತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ 2014ರ ಜನವರಿಯಲ್ಲಿ ಯಶಸ್ವಿಯಾಗಿ ಮೇಲೇರಿತು.

ಇಂಗ್ಲಿಷ್ ಬೆರೆಸಿಟ್ಟಿದ್ದನ್ನು ಕನ್ನಡ ಬೇರ್ಪಡಿಸಿ ಇಟ್ಟಿದೆ ಎಂಬುದು ಗಮನಾರ್ಹ. ನಮ್ಮಲ್ಲಿ ಅನುಮತಿ ಬೇರೆ, ಅನುಮೋದನೆ ಬೇರೆ, ಮಂಜೂರಾತಿ ಬೇರೆ. ನಿರ್ಬಂಧ ಮತ್ತು ದಂಡನೆಗಳಂತೂ ಇವುಗಳ ಸಮೀಪಕ್ಕೂ ಬರುವುದಿಲ್ಲ. 'ಮಂಜೂರು' ಅರಬ್ಬೀ ಮೂಲದ ಪದ. 'ನಜರು' ಪದದ ದಾಯಾದಿ. 'ನೋಡಲಾಗಿದೆ' ಎಂಬುದು ಅದರ ಮೂಲಾರ್ಥ. ಅಧಿಕಾರದಲ್ಲಿರುವವನು ಕಣ್ಣಿಟ್ಟು ನೋಡಿದ ನಂತರವೇ ಒಪ್ಪಿಗೆ ಎಂಬ ವಿವೇಕ ಅದರಲ್ಲಿದೆ. ಇಷ್ಟು ಪದಸಂಪತ್ತು ಇದ್ದೂ ಕಚೇರಿಯ ಮೇಜಿನ ಎರಡೂ ಬದಿಯಲ್ಲಿ 'ಸ್ಯಾಂಕ್ಷನ್' ಒಂದೇ ಚಲಾವಣೆಯಲ್ಲಿದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಇದ್ದ ನನಗೆ ಇದರ ಕಾರಣ ಸ್ಪಷ್ಟವಾಗಿಯೇ ಕಾಣುತ್ತದೆ: ಆ ಪದದ ಅಸ್ಪಷ್ಟತೆಯೇ ಅನುಕೂಲಕರ.

ಒಂದು ಹಳ್ಳಿಯ ಸೇತುವೆಯನ್ನೇ ತೆಗೆದುಕೊಳ್ಳೋಣ. ಮೊದಲು ಆಡಳಿತಾತ್ಮಕ ಅನುಮೋದನೆ ಬೇಕು. ಅಂದರೆ ಇಂತಹ ಕಾಮಗಾರಿ ಅಗತ್ಯವೆಂದು ಸರ್ಕಾರ ಒಪ್ಪಬೇಕು. ಅನಂತರ ತಾಂತ್ರಿಕ ಮಂಜೂರಾತಿ; ಅಂದಾಜು ಮತ್ತು ವಿನ್ಯಾಸ ಸರಿಯಿದೆಯೆಂದು ಸಕ್ಷಮ ಎಂಜಿನಿಯರ್ ದೃಢೀಕರಿಸಬೇಕು. ಆಯವ್ಯಯದಲ್ಲಿ ಹಣ ಇರಬೇಕು, ಅದು ಬಿಡುಗಡೆಯಾಗಬೇಕು. 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ನಡೆಯಬೇಕು. ಆಮೇಲಷ್ಟೇ ಗುದ್ದಲಿ ನೆಲ ಮುಟ್ಟುತ್ತದೆ. ಆದರೆ ಮೊದಲ ಹಂತ ಮುಗಿದ ದಿನವೇ ಜನಪ್ರತಿನಿಧಿ 'ಸೇತುವೆ ಸ್ಯಾಂಕ್ಷನ್ ಮಾಡಿಸಿದ್ದೇನೆ' ಎಂದು ಹೇಳುತ್ತಾರೆ, ಊರಿನಲ್ಲಿ ಹಾರ ಬೀಳುತ್ತದೆ. ಅವರ ಮಾತು ಸುಳ್ಳೆನ್ನಲಾಗದು. ಪೂರ್ಣ ಸತ್ಯವೂ ಅಲ್ಲ. ಎರಡು ಮಳೆಗಾಲ ಕಳೆದರೂ ಹಳ್ಳ ದಾಟಲಾಗದ ಜನರಿಗೆ ಪ್ರಶ್ನೆ ಕೇಳಲೂ ಪದವಿಲ್ಲ, ಸ್ಯಾಂಕ್ಷನ್ ಆಗಿಬಿಟ್ಟಿದೆಯಲ್ಲ!

ನಗರವಾಸಿಗಳ ಸ್ಥಿತಿಯೂ ಭಿನ್ನವಲ್ಲ. ಬ್ಯಾಂಕಿನ 'ಸ್ಯಾಂಕ್ಷನ್ ಲೆಟರ್' ಕೈಗೆ ಬಂದ ಮಾತ್ರಕ್ಕೆ ಸಾಲದ ಹಣ ಬಂದಂತಲ್ಲ. ಕಟ್ಟಡದ ನಕ್ಷೆ 'ಸ್ಯಾಂಕ್ಷನ್' ಆಗಿದೆಯೆಂಬ ಜಾಹೀರಾತು ನಂಬಿ ಫ್ಲ್ಯಾಟ್ ಕೊಂಡವರಿಗೆ, ಕಟ್ಟಿದ್ದು ನಕ್ಷೆಯಂತಿದೆಯೇ, ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ದೊರೆತಿದೆಯೇ ಎಂಬ ಪ್ರಶ್ನೆಗಳು ಹೊಳೆಯುವುದು ಬಹಳ ತಡವಾಗಿ. ಶಾಲೆಗೆ ಇಷ್ಟು ಹುದ್ದೆಗಳು 'ಸ್ಯಾಂಕ್ಷನ್' ಆಗಿವೆ ಎಂಬ ಉತ್ತರದಲ್ಲಿ ತರಗತಿಯಲ್ಲಿ ಶಿಕ್ಷಕರಿದ್ದಾರೆಯೇ ಎಂಬುದಕ್ಕೆ ಉತ್ತರವಿಲ್ಲ. ಮಂಜೂರಾದ ಹುದ್ದೆ ಎಂದರೆ ಕುರ್ಚಿ ಮಾತ್ರ.

ಈ ಪದದ ಅತ್ಯಂತ ಗಂಭೀರ ಬಳಕೆ ಇರುವುದು ಭ್ರಷ್ಟಾಚಾರದ ಪ್ರಕರಣಗಳಲ್ಲಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೆಯ ಕಲಮಿನಂತೆ ಸರ್ಕಾರಿ ನೌಕರನ ವಿರುದ್ಧ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಇದರ ಉದ್ದೇಶ ನ್ಯಾಯವಾದದ್ದೇ. ಕಠಿಣ ನಿರ್ಧಾರ ಕೈಗೊಂಡ ಪ್ರಾಮಾಣಿಕ ಅಧಿಕಾರಿಯನ್ನು ದ್ವೇಷದ ದೂರುಗಳಿಂದ ಕಾಪಾಡದಿದ್ದರೆ ಯಾರೂ ಯಾವ ಕಡತಕ್ಕೂ ಸಹಿ ಹಾಕಲಾರರು. ಆದರೆ ಇಲ್ಲಿ ಪದಕ್ಕೆ ಮೂರನೆಯ ಅರ್ಥವೊಂದು ಹುಟ್ಟಿಕೊಂಡಿತು: ಮೌನ. ಅನುಮತಿ ಕೊಡುವುದಿಲ್ಲ, ನಿರಾಕರಿಸುವುದೂ ಇಲ್ಲ. ಕಡತ ಸುಮ್ಮನೆ ಮಲಗುತ್ತದೆ. ಮೂರು ತಿಂಗಳ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲಿ ವಿನೀತ್ ನಾರಾಯಣ್ ಪ್ರಕರಣದಲ್ಲಿ ಹೇಳಿತು. 2018ರ ತಿದ್ದುಪಡಿ ಆ ಮಿತಿಯನ್ನು ಕಾಯ್ದೆಯೊಳಗೆ ತಂದಿತಾದರೂ, ಅಷ್ಟರೊಳಗೆ ನಿರ್ಧಾರ ತಿಳಿಸಲು 'ಪ್ರಯತ್ನಿಸಬೇಕು' ಎಂಬ ಮೆದು ಮಾತನ್ನು ಆಯ್ದುಕೊಂಡಿತು. ಜತೆಗೆ ನನ್ನಂತಹ ನಿವೃತ್ತರಿಗೂ ಅದೇ ರಕ್ಷಣೆಯನ್ನು ವಿಸ್ತರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೆಯ ಕಲಮು ಒಂದು ಹೆಜ್ಜೆ ಮುಂದೆ ಹೋಗಿದೆ: 120 ದಿನಗಳಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ದೊರೆತಿದೆಯೆಂದೇ ಭಾವಿಸತಕ್ಕದ್ದು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಇಂತಹ ಮಾತು ಇಲ್ಲದಿರುವುದು ದೊಡ್ಡ ಕೊರತೆ.

ಪದಗಳ ನಡುವಿನ ಅಂತರ ಎಷ್ಟು ನಿರ್ಣಾಯಕವೆಂಬುದಕ್ಕೆ ನಮ್ಮ ಹೈಕೋರ್ಟಿನ ತೀರ್ಪೊಂದೇ ಸಾಕ್ಷಿ. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ನಿವೇಶನ ಪ್ರಕರಣದಲ್ಲಿ ರಾಜ್ಯಪಾಲರ ಆದೇಶವನ್ನು ತನಿಖೆಗೆ ನೀಡಿದ ಅನುಮೋದನೆ ಎಂದಷ್ಟೇ ಓದಬೇಕು, ವಿಚಾರಣೆಗೆ ಗುರಿಪಡಿಸುವ 'ಸ್ಯಾಂಕ್ಷನ್' ಎಂದಲ್ಲ ಎಂದು ಅದು 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಪ್ರಕರಣದ ಗುಣದೋಷ ಇಲ್ಲಿ ಅಪ್ರಸ್ತುತ. ಅಧಿಕಾರಸ್ಥರ ವಿಷಯ ಬಂದಾಗ ಪದವನ್ನು ಅಷ್ಟು ಸೂಕ್ಷ್ಮವಾಗಿ ತೂಗುವ ವ್ಯವಸ್ಥೆ, ವಿಧವಾ ವೇತನಕ್ಕೆ ಅರ್ಜಿ ಹಾಕಿದ ಹೆಂಗಸಿಗೆ ಮಾತ್ರ 'ಸ್ಯಾಂಕ್ಷನ್ ಆಗಿದೆ ಹೋಗಮ್ಮ' ಎಂದು ಹೇಳಿ ಕಳುಹಿಸುತ್ತದೆ.

ಈ ಪದದ ಎರಡು ಅರ್ಥಗಳೂ ಸರಿಯಾಗಿ ಕೂಡುವ ಕಾನೂನೊಂದು ನಮ್ಮಲ್ಲೇ ಇದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಸೇವೆಯನ್ನು ನಿಗದಿತ ಅವಧಿಯಲ್ಲಿ ಒದಗಿಸದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ನಾಗರಿಕ ಕೇಳಬಹುದು. ಹೊಣೆ ತಪ್ಪಿತಸ್ಥ ಅಧಿಕಾರಿಯದು. ಮೊತ್ತ ಸಣ್ಣದು, ತತ್ತ್ವ ದೊಡ್ಡದು. ಮಂಜೂರಾತಿಯನ್ನು ತಡೆದಿಟ್ಟವನಿಗೇ ದಂಡನೆ! ರೋಮನ್ನರೂ ಬೆಂಥಾಮನೂ ಹೇಳಿದ ಸ್ಯಾಂಕ್ಷನ್ ಇದೇ. ಅನುಮತಿಯ ಅಧಿಕಾರ ಇರುವಲ್ಲೆಲ್ಲ ವಿಳಂಬಕ್ಕೆ ಬೆಲೆಯೂ ಇರಬೇಕು. ಬೆಲೆಯಿಲ್ಲದ ವಸ್ತುವನ್ನು ಜನ ಧಾರಾಳವಾಗಿ ಬಳಸುತ್ತಾರೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ವಿಳಂಬವೂ ಅಂತಹ ವಸ್ತುವೇ.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. 1963ರಲ್ಲೇ ರಾಜ್ಯದಲ್ಲಿ ರಾಜಭಾಷಾ ಅಧಿನಿಯಮ ಬಂದಿತ್ತು. ನಾಗರಿಕನಿಗೆ ಕೊಡುವ ಪ್ರತಿ ಪತ್ರದಲ್ಲೂ ನಾಲ್ಕು ಸಂಗತಿಗಳು ಕನ್ನಡದಲ್ಲಿರಲಿ: ಯಾವ ಹಂತ ಮುಗಿದಿದೆ, ಯಾರು ಒಪ್ಪಿದ್ದಾರೆ, ಮುಂದಿನ ಹಂತ ಯಾವುದು, ಅದು ಯಾವ ದಿನಾಂಕದೊಳಗೆ ಆಗಬೇಕು. ಭ್ರಷ್ಟಾಚಾರ ತಡೆ ಕಾಯ್ದೆಗೂ 120 ದಿನಗಳ ನಿಯಮವನ್ನು ಅನ್ವಯಿಸುವಂತೆ ಸಂಸತ್ತು ತಿದ್ದುಪಡಿ ತರಲಿ. ಅಲ್ಲಿಯವರೆಗೆ, 'ಸ್ಯಾಂಕ್ಷನ್ ಆಗಿದೆ' ಎಂದು ಯಾರಾದರೂ ಹೇಳಿದಾಗ ಸಂತೋಷಪಡುವ ಮೊದಲು ಓದುಗರು ಒಂದು ಮರುಪ್ರಶ್ನೆಯನ್ನು ಕೇಳುವುದು ಒಳಿತು: ಸ್ವಾಮಿ, ನಿಖರವಾಗಿ ಏನಾಗಿದೆ?